ನಡುಗಲ್ಲಿಗೆ ಬೆನ್ನು

ರಾತ್ರಿ ಒಂದೂವರೆಯ ಹೊತ್ತಿಗೆ ಗೋಡೆಯ ಆಚೆ ಟಪ್ ಎಂದು ಒಂದು ಸಣ್ಣ ಸದ್ದಾಯಿತು. ಇಲಿಯದ್ದಲ್ಲ, ಹಲ್ಲಿ ಬಿದ್ದದ್ದೂ ಅಲ್ಲ; ಆ ಎರಡು ಸದ್ದುಗಳನ್ನು ನಾನು ಚೆನ್ನಾಗಿ ಬಲ್ಲೆ. ನಿದ್ದೆ ಕಡಿಮೆ ಇರುವವರಿಗೆ ಇಂಥ ತಿಳಿವಳಿಕೆ ತಾನಾಗಿಯೇ ಬರುತ್ತದೆ. ಗೋಡೆಯ ಆಚೆ ಇರುವುದು ನಡುಗಲ್ಲು ಸಮಿತಿಯ ದಫ್ತರದ ಕೋಣೆ. ಅದರ ಕೀಲಿಕೈ ನನ್ನ ದಿಂಬಿನ ಕೆಳಗಿತ್ತು. ಎದ್ದು ಹೋಗಿ ನೋಡಲಿಲ್ಲ. ಬೆಳಗಾಗುವವರೆಗೆ ಕಣ್ಣು ಬಿಟ್ಟುಕೊಂಡು ಮಲಗಿ, ಏನು ಬಿದ್ದಿರಬಹುದು, ಅದಕ್ಕೆ ಯಾರು ಯಾರು ನನ್ನನ್ನು ಹೊಣೆ ಮಾಡಬಹುದು ಎಂದು ಯೋಚಿಸುತ್ತಿದ್ದೆ.

ಖಂಡದ ನಡುಮಧ್ಯ ನಮ್ಮೂರಿನಲ್ಲಿದೆ. ಚೌಕದಲ್ಲಿ ಮೊಣಕಾಲೆತ್ತರದ ಒಂದು ಕರಿಕಲ್ಲನ್ನು ನೆಟ್ಟಿದ್ದಾರೆ, ಅದೇ ನಡುಗಲ್ಲು. ಎಲ್ಲ ಕಡಲುಗಳಿಂದಲೂ ಅದು ಸಮದೂರ ಎನ್ನುತ್ತಾರೆ. ನಮ್ಮೂರಿನಲ್ಲಿ ಕಡಲು ಕಂಡವರು ಇಬ್ಬರೇ, ಇಬ್ಬರೂ ಕಂಡದ್ದು ಬೇರೆ ಬೇರೆ ಕಡಲನ್ನು. ಹಾಗಾಗಿ ಈ ವಿಷಯದಲ್ಲಿ ವಾದ ಬೆಳೆದಿಲ್ಲ. ಕಲ್ಲಿನ ಸುತ್ತ, ಊರಿನ ಅಂಚಿನಲ್ಲಿ, ಏಳು ಎಲ್ಲೆಗಲ್ಲುಗಳಿವೆ. ಅವುಗಳ ಒಳಗೆ ಯಾರೂ ನಡುಗಲ್ಲಿಗೆ ಬೆನ್ನು ಹಾಕುವಂತಿಲ್ಲ. ಕಲ್ಲಿನ ಕಡೆ ಹೋಗುವವರು ಮುಂದೆ ನೋಡಿಕೊಂಡು ನಡೆಯಬಹುದು. ಅಡ್ಡ ಹೋಗುವವರು ಏಡಿಯ ಹಾಗೆ ಹೋಗಬೇಕು. ಕಲ್ಲಿನಿಂದ ದೂರ ಹೋಗುವವರು ಹಿಮ್ಮುಖವಾಗಿ ನಡೆಯಬೇಕು. ಮೊದಲ ಸಲ ಬೆನ್ನು ಹಾಕಿದವರ ಹೆಸರನ್ನು ಚೌಕದಲ್ಲಿ ಕೂಗಿ ಓದುತ್ತಾರೆ. ಎರಡನೆಯ ಸಲಕ್ಕೆ ಒಂದು ಇಡೀ ಹಗಲು ಕಲ್ಲಿನ ಎದುರು ನಿಲ್ಲಿಸುತ್ತಾರೆ. ಮೂರನೆಯ ಸಲವಾದರೆ ಎಲ್ಲೆಗಲ್ಲಿನ ಆಚೆ ಮನೆ ಹುಡುಕಿಕೊಳ್ಳಬೇಕು. ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಭೂಗೋಳದಲ್ಲಿ ಪದವಿ ಪಡೆದದ್ದಕ್ಕೆ ನನಗೆ ಸಿಕ್ಕಿದ್ದು ಅದು.

ಜನ ಹೊಂದಿಕೊಂಡಿದ್ದಾರೆ. ಗಂಡಸರು ಎಡ ಮುಂಗೈಗೆ ಅಂಗೈಯಗಲದ ಕನ್ನಡಿ ಕಟ್ಟಿಕೊಳ್ಳುತ್ತಾರೆ. ಹೆಂಗಸರು ಸೀರೆಯನ್ನು ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ ಉಡುತ್ತಾರೆ. ಆಟೋದವರು ರಿವರ್ಸ್‌ನಲ್ಲೇ ಅರ್ಧ ಆಯುಷ್ಯ ಕಳೆಯುವುದರಿಂದ ಅವರ ಕತ್ತು ಒಂದೇ ಕಡೆಗೆ ತಿರುಗಿ ನಿಂತಿರುತ್ತದೆ; ಕತ್ತು ತಿಕ್ಕುವ ನಬಿಸಾಬನ ಮನೆಯೇ ಊರಿನಲ್ಲಿ ದೊಡ್ಡದು. ಮದುವೆಯ ದಿಬ್ಬಣ ಕಲ್ಲಿಗೆ ಕೈಮುಗಿದು ಹಿಂದಕ್ಕೆ ಸರಿಯುವಾಗ ಬೀಗರ ಮೇಲೆ ಬೀಗರು ಬೀಳುವುದು ಒಂದು ಶಾಸ್ತ್ರವೇ ಆಗಿಹೋಗಿದೆ, ಬೀಳದಿದ್ದರೆ ಅಪಶಕುನ. ನಮ್ಮವರಿಗೆ ಬಿಟ್ಟುಬಂದದ್ದೆಲ್ಲ ಸ್ಪಷ್ಟವಾಗಿ ಕಾಣುತ್ತದೆ, ಹೋಗುತ್ತಿರುವ ಜಾಗವೊಂದು ಮಾತ್ರ ಕಾಣುವುದಿಲ್ಲ. ಇದನ್ನು ಅವರು ಸಂಸ್ಕೃತಿ ಎನ್ನುತ್ತಾರೆ.

ಪಡುವಣಕ್ಕೆ ಎರಡು ದಿನದ ರೈಲು ದಾರಿಯಲ್ಲಿ ಇನ್ನೊಂದು ಊರಿದೆ. ಖಂಡದ ನಡು ತಮ್ಮದು ಎಂದು ಅವರೂ ಒಂದು ಕಲ್ಲು ನೆಟ್ಟುಕೊಂಡಿದ್ದಾರೆ, ಅವರೂ ಅದಕ್ಕೆ ಬೆನ್ನು ಹಾಕದೆ ಹಿಂದೆ ಹಿಂದೆ ನಡೆಯುತ್ತಾರೆ. ನಮ್ಮೂರಿನ ಚಹದಂಗಡಿಗಳಲ್ಲಿ ಇದಕ್ಕಿಂತ ದೊಡ್ಡ ತಮಾಷೆ ಇಲ್ಲ. "ಹುಸಿ ಕಲ್ಲಿಗೆ ಹಿಮ್ಮುಖ ನಡೀತಾವಂತ ನೋಡ್ರಿ, ಮಬ್ಬು ಮಂದಿ," ಎಂದು ನಗುತ್ತ ನಮ್ಮವರು ಕಪ್ಪು ಕೆಳಗಿಟ್ಟು, ಮುಂಗೈ ಕನ್ನಡಿಯಲ್ಲಿ ಇಣುಕುತ್ತ, ಹಿಂದೆ ಹಿಂದೆ ಮನೆಗೆ ಹೋಗುತ್ತಾರೆ.

ನಡು ಎಲ್ಲಿದೆ ಎಂದು ತೀರ್ಮಾನಿಸುವುದು ಹಲಗೆ. ತೆಳ್ಳನೆಯ ಸಾಗುವಾನಿ ಹಲಗೆಯನ್ನು ಖಂಡದ ಆಕಾರಕ್ಕೆ ಕತ್ತರಿಸಿ, ಬಣ್ಣ ಬಳಿದು, ಊರುಗಳ ಹೆಸರು ಬರೆದಿದ್ದಾರೆ. ಮಲಗಿಸಿದರೆ ನನ್ನ ಎರಡೂ ತೋಳು ಚಾಚಿದಷ್ಟು ಅಗಲ. ನಮ್ಮೂರು ಇರುವ ಜಾಗದಲ್ಲಿ ಒಂದು ತೂತಿದೆ. ವರ್ಷಕ್ಕೊಮ್ಮೆ, ತೂಗು ದಿನ, ಆ ತೂತಿಗೆ ದಾರ ಪೋಣಿಸಿ ಹಲಗೆಯನ್ನು ಕಲ್ಲಿನ ಮೇಲಿನ ಕಮಾನಿಗೆ ತೂಗುಹಾಕುತ್ತಾರೆ. ಹಲಗೆ ಸಮವಾಗಿ ನಿಂತರೆ, ಅದರ ಮೇಲಿಟ್ಟ ನಿಂಬೆಹಣ್ಣು ಉರುಳದಿದ್ದರೆ, ಇನ್ನೊಂದು ವರ್ಷ ನಡು ನಮ್ಮದು. ಅರವತ್ತು ವರ್ಷದಿಂದ ನಿಂಬೆಹಣ್ಣು ಉರುಳಿಲ್ಲ. ಪಡುವಣದವರ ಬಳಿ ಅವರದೇ ಹಲಗೆಯಿದೆ, ಅದರ ತೂತು ಅವರ ಊರಿನಲ್ಲಿದೆ, ಅವರ ನಿಂಬೆಹಣ್ಣೂ ಉರುಳಿಲ್ಲ. ಅವರು ತಮ್ಮ ಹಲಗೆಯ ಪಡುವಣ ಅಂಚಿಗೆ ಹಿತ್ತಾಳೆಯ ಲಾಂಛನವೊಂದನ್ನು ಮೊಳೆ ಹೊಡೆದಿದ್ದಾರೆ, ಅದರ ಭಾರಕ್ಕೇ ಹಲಗೆ ನಿಲ್ಲುತ್ತದೆ ಎಂದು ನಮ್ಮ ಸಮಿತಿ ಪ್ರತಿವರ್ಷ ಖಂಡನಾ ಪತ್ರ ಕಳಿಸುತ್ತದೆ. ಪತ್ರ ಬರೆಯುವವಳೂ ನಾನೇ.

ನಮ್ಮ ಹಲಗೆಗೆ ಹಿತ್ತಾಳೆ ಇಲ್ಲ. ಕುಂಕುಮ ಮಾತ್ರ. ಊರಿನ ಹೆಸರು ಮುಚ್ಚಿಹೋಗಬಾರದೆಂದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಸೂರ್ಯ ಹುಟ್ಟುವ ಕಡೆಯ ಕರಾವಳಿಗೆ, ಅಂದರೆ ಹಲಗೆಯ ಮೂಡಣ ಅಂಚಿಗೆ ಹಚ್ಚುವುದು ರೂಢಿ. ಅರವತ್ತು ವರ್ಷ ಹಚ್ಚಿದ್ದಾರೆ. ಅದು ಅಂಚಿನ ಕೆಳಗೆ ಇಳಿದು, ಒಣಗಿ, ಕಣಜದ ಗೂಡಿನ ಹಾಗೆ ಗಟ್ಟಿಯಾಗಿ ಜೋತುಬಿದ್ದಿತ್ತು.

ಬೆಳಿಗ್ಗೆ ಹಲಗೆ ಇಟ್ಟಿದ್ದ ದಫ್ತರದ ಕೋಣೆ ತೆರೆದಾಗ ಆ ಗೂಡು ನೆಲದ ಮೇಲೆ ಬಿದ್ದಿತ್ತು. ಎತ್ತಿಕೊಂಡೆ. ಸಣ್ಣ ತೆಂಗಿನಕಾಯಿಯಷ್ಟು ಭಾರವಿತ್ತು. ಹಲಗೆಯ ಮೇಲುಭಾಗ ಎಂದಿನಂತೆ ಕೆಂಪಗಿತ್ತು; ಕೆಳಗೆ ಬಗ್ಗಿ ನೋಡದವರಿಗೆ ಏನೂ ತಿಳಿಯುವಂತಿರಲಿಲ್ಲ. ತೂಗು ದಿನಕ್ಕೆ ಇನ್ನು ಮೂರು ದಿನವಿತ್ತು.

ಬಾಗಿಲು ಹಾಕಿಕೊಂಡು ಹಲಗೆಯನ್ನು ಜಂತಿಯ ಕೊಕ್ಕೆಗೆ ತೂಗುಹಾಕಿದೆ. ಪಡುವಣಕ್ಕೆ ವಾಲಿತು, ಸೋತ ಎತ್ತಿನ ಹಾಗೆ. ಇಳಿಸಿ, ದೀಪದೆಣ್ಣೆಯ ಬಾಟಲಿಯ ಬಾಯಿಯ ಮೇಲಿಟ್ಟು, ಒಂದೊಂದೇ ಬೆರಳಗಲ ಸರಿಸುತ್ತ ಹೋದೆ. ಕೊನೆಗೆ ಒಂದು ಕಡೆ ನಿಂತಿತು. ಬಗ್ಗಿ ನೋಡಿದರೆ ಅಲ್ಲಿ ಯಾವ ಊರೂ ಇರಲಿಲ್ಲ. ನಮ್ಮೂರಿಗೂ ಪಡುವಣದವರ ಊರಿಗೂ ನಡುವಿನ ಬಯಲು ಅದು. ಜಾಗ ಖಾಲಿ ಬಿಡಬಾರದೆಂದು ಬಣ್ಣದವನು ಅಲ್ಲೊಂದು ಎಮ್ಮೆಯ ಚಿತ್ರ ಬರೆದಿದ್ದ. ಖಂಡದ ನಡು ಎಮ್ಮೆಯ ಹೊಟ್ಟೆಯ ಕೆಳಗಿತ್ತು. ಹಿತ್ತಾಳೆಗೆ ಭಾರವಿದೆ ಎಂದು ಅರವತ್ತು ವರ್ಷ ಪತ್ರ ಬರೆದ ಊರಿಗೆ ಕುಂಕುಮಕ್ಕೂ ಭಾರವಿರಬಹುದೆಂದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ನಾನು ಸಮಿತಿಗೆ ಹೇಳಬೇಕಿತ್ತು. ಹೇಳದಿರಲು ಕಾರಣ ಅವ್ವ.

ಅವ್ವನಿಗೆ ಎಪ್ಪತ್ತೆರಡು. ಹೋದ ವರ್ಷ ತೂಗು ದಿನ ಮುಗಿಸಿ, ನಾನೇ ಕೈ ಹಿಡಿದು ಹಿಂದೆ ಹಿಂದೆ ಮನೆಗೆ ಕರೆತರುವಾಗ ಚರಂಡಿಯ ಕಲ್ಲಿಗೆ ಎಡವಿ ಬಿದ್ದಳು. ಮುಂಗೈ ಮುರಿಯಿತು. ಇನ್ನೊಮ್ಮೆ ಬಿದ್ದರೆ ಸೊಂಟದ ಎಲುಬು, ಆಮೇಲೆ ಹಾಸಿಗೆ, ಎಂದರು ಡಾಕ್ಟರು. ಅವ್ವನನ್ನು ಮನೆಯಲ್ಲೇ ಇರಿಸಲು ಆಗುವುದಿಲ್ಲ. ತರಕಾರಿ ಕೊಂಡುಕೊಳ್ಳಲಿಕ್ಕೆ, ತನ್ನ ಗೆಳತಿ ನಿಂಗವ್ವನನ್ನು ಬೈಯಲಿಕ್ಕೆ, ದಿನಾ ಹೊರಗೆ ಹೋಗಬೇಕು. ಅವಳು ಹೋದಾಗಲೆಲ್ಲ ನನ್ನ ಕಿವಿ ಬೀದಿಯಲ್ಲಿರುತ್ತದೆ. ಕಲ್ಲಿಗೆ ಬೆನ್ನು ಹಾಕಿ ನಡೆಯಲು ಮುದುಕರಿಗೆ ಮಾಫಿ ಕೊಡಬೇಕೆಂದು ಸಮಿತಿಗೆ ಅರ್ಜಿ ಬರೆದೆ, ಮೂರು ಪುಟ, ಒಂದು ತಪ್ಪಿಲ್ಲದೆ. ಅಧ್ಯಕ್ಷ ಗುರುಪಾದಪ್ಪನವರು ಅದನ್ನು ಓದದೆ ಮಡಚಿದರು. ಅವರು ಸಮಿತಿಯ ಸೋಫಾದಲ್ಲಿ ಕಲ್ಲಿಗೆ ಎದುರಾಗಿ ಕೂತೇ ದಪ್ಪಗಾದವರು. ನಡೆಯುವ ಪ್ರಸಂಗ ಬಂದರೆ ಇಬ್ಬರು ಅವರ ಹಿಂದೆ ದಾರಿ ನೋಡಿಕೊಂಡು ಹೋಗುತ್ತಾರೆ.

"ಅಕ್ಕಾರ," ಎಂದರು, "ಇವತ್ತ ನಿಮ್ಮ ಅವ್ವಗ ಮಾಫಿ ಕೊಟ್ರ ನಾಳೆ ಊರ ಮಂದಿಗೆಲ್ಲಾ ಬೆನ್ನು ಬರ್ತಾವ."

"ಅವರಿಗೆ ಮೊಣಕಾಲು ನೋವು ಇದೆ ಸರ್."

"ಮೊಣಕಾಲು ನನಗೂ ಅದಾವ. ಮನ್ಯಾಗ ಇರಾಕ ಹೇಳ್ರಿ. ಟೀವಿ ನೋಡ್ಲಿ."

ಹಾಗಾಗಿ, ಆ ಮೂರು ದಿನ ನಾನು ಏನೂ ಮಾಡಲಿಲ್ಲ. ಬಿದ್ದ ಗೂಡನ್ನು ಮಾತ್ರ ಕುಟ್ಟಿ ಪುಡಿ ಮಾಡಿ, ರಾಡಿ ನೀರಿನ ಜೊತೆ ಬಚ್ಚಲಿಗೆ ಸುರಿದೆ. ಹಲಗೆ ತನ್ನ ಸತ್ಯವನ್ನು ತಾನೇ ಹೇಳಲಿ, ನಡು ಎಮ್ಮೆಯ ಬಳಿಗೆ ಹೋಗಲಿ, ಕಲ್ಲು ಬರೀ ಕಲ್ಲಾಗಲಿ, ಅವ್ವ ಬೀದಿಯಲ್ಲಿ ಮುಂದೆ ನೋಡಿಕೊಂಡು ನಡೆಯಲಿ. ಇಷ್ಟೇ ನನ್ನ ಆಸೆ. ಧೈರ್ಯವಂತರಾಗಿದ್ದರೆ ಎದ್ದು ನಿಂತು ಹೇಳುತ್ತಿದ್ದರು. ನನ್ನ ಧೈರ್ಯ ಏನನ್ನೂ ಮಾಡದಿರುವಷ್ಟೇ ದೊಡ್ಡದು.

ತೂಗು ದಿನ ಚೌಕ ತುಂಬಿತ್ತು. ರೂಢಿಯಂತೆ ಗಂಡಸರು ಮುಂದೆ, ಹೆಂಗಸರು ಹಿಂದೆ. ಹೆಂಗಸರಲ್ಲಿ ನಾನೊಬ್ಬಳೇ ಎದುರಿಗೆ, ಕಲ್ಲಿನ ಪಕ್ಕ, ಹೆಸರು ಬರೆಯುವ ವಹಿ ಹಿಡಿದು ನಿಂತಿದ್ದೆ. ದಿನಾ ಸಂಜೆ ಊರೆಲ್ಲ ಸೇರಿ ಕಲ್ಲಿಗೆ ದೀಪ ಬೆಳಗುವಾಗಲೂ ನಾನು ಅಲ್ಲೇ ನಿಲ್ಲಬೇಕು, ಮುಖ ಕಲ್ಲಿನ ಕಡೆಗೆ. ಪಡುವಣದವರ ಸಾಕ್ಷಿಯಾಗಿ ದತ್ತೋಬಾ ಮಾಸ್ತರರು ಬಂದಿದ್ದರು. ನಿವೃತ್ತ ಡ್ರಾಯಿಂಗ್ ಮಾಸ್ತರರು, ಹದಿನಾಲ್ಕು ವರ್ಷದಿಂದ ಅವರೇ ಬರುತ್ತಾರೆ. 'ದ್ವೀಪಗಳನ್ನು ಸೇರಿಸಿಲ್ಲ, ಆದ್ದರಿಂದ ಒಪ್ಪಿಗೆಯಿಲ್ಲ' ಎಂದು ವಹಿಯಲ್ಲಿ ಬರೆದು, ಶೇಂಗಾ ಉಂಡೆ ತಿಂದು, ನಾಲ್ಕನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗುತ್ತಾರೆ.

ಹಲಗೆಯನ್ನು ಕಮಾನಿಗೆ ತೂಗುಹಾಕಿದರು. ಅದು ಪಡುವಣಕ್ಕೆ ವಾಲಿತು. ಗುರುಪಾದಪ್ಪನವರಿಗೆ ಅದು ಕಾಣಲಿಲ್ಲ ಎನ್ನುವಂತಿಲ್ಲ; ಕಂಡದ್ದನ್ನು ನಂಬುವ ಅಭ್ಯಾಸ ಅವರಿಗಿರಲಿಲ್ಲ. ನಿಂಬೆಹಣ್ಣು ಇಟ್ಟರು. ಅದು ಉರುಳಿ, ಎಮ್ಮೆಯನ್ನು ದಾಟಿ, ಪಡುವಣ ಕಡಲ ಅಂಚಿನಿಂದ ಬಿದ್ದು ದತ್ತೋಬಾ ಮಾಸ್ತರರ ಚಪ್ಪಲಿಗೆ ತಾಗಿ ನಿಂತಿತು.

ಆಮೇಲೆ ಹಿಂದಿನಿಂದ ಒಬ್ಬ, "ನಿಂಬಿಹಣ್ಣು ಸರಿ ಇಲ್ರಿ, ಬ್ಯಾರೆ ತರ್ರಿ," ಎಂದ. ಬೇರೆ ತಂದರು. ಅದೂ ಉರುಳಿತು. ಮೂರನೆಯದನ್ನು ಗುರುಪಾದಪ್ಪನವರು ಹಲಗೆಗೆ ಒತ್ತಿ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು, ಮೋಸ ಮಾಡುವವರ ಹಾಗೆ ಮೆಲ್ಲಗೆ ಕೈ ತೆಗೆದರು. ಅದಕ್ಕೂ ಹಲಗೆಯ ಮೇಲೆ ನಿಲ್ಲುವ ಮನಸ್ಸಿರಲಿಲ್ಲ.

"ಗಾಳಿ ಐತಿ," ಎಂದರು. ಚೌಕದ ಬೇವಿನ ಮರದಲ್ಲಿ ಒಂದೆಲೆ ಅಲುಗುತ್ತಿರಲಿಲ್ಲ.

ಎಲ್ಲರೂ ದತ್ತೋಬಾ ಮಾಸ್ತರರನ್ನು ನೋಡಿದರು. ಅವರು ಗೆದ್ದಿದ್ದರು, ಅಥವಾ ಹಾಗೆಂದು ನಾವು ತಿಳಿದೆವು. ಅವರು ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಹಿಡಿದು ಹಲಗೆಯ ಓರೆಯನ್ನು ಅಳೆದರು. ಅವರ ಮುಖದ ಬಣ್ಣ ಇಳಿಯಿತು. ನನ್ನ ಹತ್ತಿರ ಬಂದು ವಹಿಯಲ್ಲಿ ಏನೋ ನೋಡುವವರಂತೆ ಬಗ್ಗಿ ಪಿಸುಗುಟ್ಟಿದರು.

"ಅಕ್ಕಾ, ಈ ಓರೆ ನೋಡಿದ್ರ ಖಂಡದ ನಡು ನಮ್ಮೂರ ತನಕಾನೂ ಬರೂದಿಲ್ಲ. ನಡುವ ಎಲ್ಲೋ ನಿಲ್ತದ. ಅಲ್ಲಿ ಏನದ?"

"ಎಮ್ಮೆ," ಎಂದೆ.

"ಹೋತಲ್ಲ," ಎಂದರು. "ನಡು ನಿಮ್ಮದು ಅಂದ್ರ ನಾವು ಜಗಳಾಡ್ತೀವಿ. ನಮ್ಮದು ಅಂದ್ರ ನೀವು ಆಡ್ತೀರಿ. ಎಮ್ಮೀದು ಅಂದ್ರ ಯಾರ ಕೂಡ ಜಗಳಾಡೋದು?" ಆಮೇಲೆ ನೆಟ್ಟಗೆ ನಿಂತು, ಚೌಕಕ್ಕೆಲ್ಲ ಕೇಳುವ ಹಾಗೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನಮ್ಮೂರಿನ ಮಾತನ್ನು ಒಪ್ಪಿಕೊಂಡರು. "ಗಾಳಿ ಅದ ನೋಡ್ರಿ. ಭಾಳ ಗಾಳಿ ಅದ."

ಅವರ ಮಾತಿನಿಂದ ಗುರುಪಾದಪ್ಪನವರಿಗೆ ಜೀವ ಬಂತು. "ಭಕ್ತಿ ಕಡಿಮಿ ಆಗೇತಿ," ಎಂದು ಘೋಷಿಸಿದರು. "ಎಲ್ಲಾರೂ ಒಬ್ಬೊಬ್ರ ಬಂದು ಕುಂಕುಮ ಹಚ್ರಿ."

ಎಣ್ಣೆಯಲ್ಲಿ ಕಲಸಿದ ಕುಂಕುಮ ಬಕೆಟ್‌ನಲ್ಲಿ ಬಂತು. ಗಂಡಸರು ಸಾಲಾಗಿ ಬಂದರು. ಒಬ್ಬೊಬ್ಬರೂ ಹಚ್ಚಿ, ಕಣ್ಣು ಮುಚ್ಚಿ, ತುಟಿ ಅಲುಗಿಸಿ, ಹಿಂದಕ್ಕೆ ಸರಿದು ಮುಂದಿನವರ ಕಾಲು ತುಳಿದರು. ಹಲಗೆಯ ಮೂಡಣ ಅಂಚು ಕೂದಲೆಳೆಯಷ್ಟು, ಕೂದಲೆಳೆಯಷ್ಟು ತಗ್ಗತೊಡಗಿತು. ಹತ್ತು ಜನರಿಗೊಮ್ಮೆ ನಿಂಬೆಹಣ್ಣು ಇಡುತ್ತಿದ್ದರು. ಪ್ರತಿಸಲವೂ ಮೊದಲಿಗಿಂತ ನಿಧಾನವಾಗಿ ಉರುಳಿ ಬೀಳುತ್ತಿತ್ತು. "ನೋಡ್ರಿ, ಭಕ್ತಿ ಹತ್ತಾಕತ್ತೈತಿ," ಎನ್ನುತ್ತಿದ್ದರು ಗುರುಪಾದಪ್ಪನವರು. ಇಂಜಿನಿಯರಿಂಗ್ ಕಾಲೇಜಿನ ಪ್ರಿನ್ಸಿಪಾಲರು ಎರಡು ಸಲ ಸಾಲಿನಲ್ಲಿ ನಿಂತರು. ಎದುರಿಗೇ ತಕ್ಕಡಿ ತೂಗುತ್ತಿದ್ದರೂ ಕಿರಾಣಿ ವ್ಯಾಪಾರಿಗಳಿಗೆ ಸಹ ಏನೂ ಹೊಳೆಯಲಿಲ್ಲ.

ಗಂಡಸರು ಮುಗಿದಾಗ ಇನ್ನೂ ಒಂದು ಬೆರಳಿನಷ್ಟು ಓರೆ ಉಳಿದಿತ್ತು. ಹೆಂಗಸರನ್ನು ಕರೆದರು. ಅವರೂ ಹಚ್ಚಿದರು. ಬಕೆಟ್ ಬರಿದಾಯಿತು. ಅಂಗಡಿಗಳಲ್ಲಿದ್ದ ಕುಂಕುಮ ತರಿಸಿದರು, ಅದೂ ಮುಗಿಯಿತು. ಈಗ ನಿಂಬೆಹಣ್ಣು ಎಷ್ಟು ನಿಧಾನವಾಗಿ ಉರುಳುತ್ತಿತ್ತೆಂದರೆ ಅದು ನಿಂತಿದೆ ಎಂದು ಕೆಲವರು ಜೈಕಾರ ಹಾಕಿಬಿಟ್ಟರು. ಆದರೂ ಉರುಳಿತು, ಎಮ್ಮೆಯ ಬಳಿ ಒಂದು ಕ್ಷಣ ಯೋಚಿಸಿತು, ಬಿತ್ತು. ಊರಿನಲ್ಲಿ ಇನ್ನು ಕುಂಕುಮವಿರಲಿಲ್ಲ. ಗುರುಪಾದಪ್ಪನವರು ಕಮಾನಿನ ಕಂಬ ಹಿಡಿದುಕೊಂಡರು. ನಾನು ವಹಿಯನ್ನು ಎದೆಗೆ ಅವುಚಿ ಹಿಡಿದೆ. ಮುಗಿಯಿತು, ಇನ್ನು ಅವ್ವನಿಗೆ ಬಿಡುಗಡೆ, ಎಂದುಕೊಂಡೆ.

ಆಗ ಹೆಂಗಸರ ಸಾಲಿನ ಕೊನೆಯಿಂದ ಅವ್ವ ಬಂದಳು. ಕೈಯಲ್ಲಿ ನಮ್ಮ ಮನೆಯ ದೇವರ ಗೂಡಿನಲ್ಲಿರುವ ಮರದ ಭರಣಿಯಿತ್ತು. ಮುಚ್ಚಳ ತೆಗೆದು, ಇದ್ದದ್ದನ್ನೆಲ್ಲ ಅಂಗೈಗೆ ಸುರಿದುಕೊಂಡು, ಮುರಿದು ಕೂಡಿದ ಆ ಕೈಯಿಂದಲೇ ಹಲಗೆಯ ಮೂಡಣ ಅಂಚಿಗೆ ಮೆತ್ತಿದಳು. ಸಾಲದೆಂದು ಹೆಬ್ಬೆರಳಿನಿಂದ ಒತ್ತಿದಳು, ಬಿರುಕಿಗೆ ಮಣ್ಣು ತುಂಬುವವರ ಹಾಗೆ.

"ಅವ್ವಾ, ಸಾಕು," ಎಂದೆ ಮೆಲ್ಲಗೆ.

"ನೀ ಸುಮ್ನಿರು," ಎಂದಳು.

ನಿಂಬೆಹಣ್ಣು ಇಟ್ಟರು. ಅದು ನಿಂತಿತು.

ಆ ಗದ್ದಲವನ್ನು ನಾನು ವರ್ಣಿಸುವುದಿಲ್ಲ. ದೊಡ್ಡ ಗಂಡಸರು ಅತ್ತರು. ದತ್ತೋಬಾ ಮಾಸ್ತರರು ನೆಮ್ಮದಿಯಿಂದ 'ದ್ವೀಪಗಳನ್ನು ಸೇರಿಸಿಲ್ಲ, ಒಪ್ಪಿಗೆಯಿಲ್ಲ' ಎಂದು ಬರೆದು ಶೇಂಗಾ ಉಂಡೆಗೆ ಕೈಹಾಕಿದರು. ಗುರುಪಾದಪ್ಪನವರು ಭಾಷಣ ಶುರುಮಾಡಿದರು. ಖಂಡದ ಭಾರವನ್ನೆಲ್ಲ ಹೊತ್ತ ಊರು ಎಂದರು.

ಅವ್ವ ನನ್ನ ತೋಳು ಜಗ್ಗಿದಳು. "ನಡಿ, ಬ್ಯಾಳಿ ನೆನಿ ಹಾಕೇನಿ." ಭಾಷಣದ ನಡುವೆ ನಾನು ಎಂದೂ ಹೋದವಳಲ್ಲ. ಆದರೆ ಅವಳನ್ನು ಒಬ್ಬಳೇ ಕಳಿಸುವುದು ಹೇಗೆ? ಅವಳ ಕೈ ಹಿಡಿದು, ಕಲ್ಲನ್ನೇ ನೋಡುತ್ತ, ಗುಂಪಿನೊಳಗಿಂದ ಹಿಂದೆ ಹಿಂದೆ ಹೆಜ್ಜೆ ಹಾಕಿದೆ. ಗಂಡಸರನ್ನು ದಾಟಿದೆವು, ಹೆಂಗಸರನ್ನು ದಾಟಿದೆವು, ನಮ್ಮ ಓಣಿಯ ಬಾಯಿಗೆ ಬಂದೆವು. ಅಲ್ಲಿ ಅವ್ವ ನನ್ನ ಕೈ ಬಿಡಿಸಿಕೊಂಡು ತಿರುಗಿ ನಿಂತಳು. ನಡುಗಲ್ಲಿಗೆ ಬೆನ್ನು ಹಾಕಿ.

"ಅವ್ವಾ, ಯಾರಾದ್ರೂ ನೋಡ್ತಾರ."

"ಯಾರು ನೋಡ್ತಾರ? ಎಲ್ಲಾರ ಕಣ್ಣೂ ಅಲ್ಲೇ ಅದಾವ." ಅವಳಾಗಲೇ ನಾಲ್ಕು ಹೆಜ್ಜೆ ಮುಂದಿದ್ದಳು. "ಹೋದ ವರ್ಷ ನೀ ಬಂದು ಕೈ ಹಿಡಕೊಂಡಿ. ನಿನ್ನ ಸಲುವಾಗಿ ಹಿಮ್ಮುಖ ನಡೀಬೇಕಾತು, ಬಿದ್ದೆ. ಇಲ್ಲಾಂದ್ರ ನಾ ಯಾಕ ಬೀಳ್ತಿದ್ದೆ?"

ನಾನು ತಿರುಗಿದೆ. ಜೀವನದಲ್ಲಿ ಮೊದಲ ಸಲ ನಮ್ಮ ಓಣಿಯನ್ನು ಆ ಕಡೆಯಿಂದ ಕಂಡೆ. ಅದರ ತುಂಬ ಹೆಂಗಸರಿದ್ದರು. ನಿಂಗವ್ವ, ಪಾತ್ರೆ ಅಂಗಡಿಯ ಸುಲೋಚನಾ, ಗುರುಪಾದಪ್ಪನವರ ಸ್ವಂತ ಸೊಸೆ. ಕೈಚೀಲ ಬೀಸುತ್ತ, ಒಬ್ಬರ ಹೆಗಲಿಗೆ ಒಬ್ಬರು ತಾಗುತ್ತ, ಮುಂದೆ ನೋಡಿಕೊಂಡು ಮನೆಯ ಕಡೆ ನಡೆಯುತ್ತಿದ್ದರು. ಒಬ್ಬಳು ಮೊಗ್ಗು ಮುಡಿದುಕೊಳ್ಳುತ್ತಿದ್ದಳು. ದಿನಾ ಸಂಜೆ ದೀಪದ ಹೊತ್ತಿನಲ್ಲಿ, ಊರೆಲ್ಲ ಕಲ್ಲಿನ ಕಡೆ ಮುಖ ಮಾಡಿರುವಾಗ, ಹಿಂದಿನ ಸಾಲುಗಳು ಹೀಗೇ ಖಾಲಿಯಾಗುತ್ತವೆ ಎಂದು ಆಮೇಲೆ ತಿಳಿಯಿತು. ಮುಂದೆ ನಿಂತು ಹೆಸರು ಬರೆದುಕೊಳ್ಳುವವಳಿಗೆ ಅದು ಕಾಣುವುದು ಹೇಗೆ?

ನನ್ನನ್ನು, ನನ್ನ ಕೈಯಲ್ಲಿದ್ದ ವಹಿಯನ್ನು ಕಂಡು ಅವರು ನಿಂತುಬಿಟ್ಟರು.

"ಅಕ್ಕಾರ ಬರ್ಕೋತಾರೇನು?" ಎಂದಳು ಕೊನೆಗೆ ಸುಲೋಚನಾ, ನನ್ನನ್ನಲ್ಲ, ಅವ್ವನನ್ನು ಕೇಳುವವಳಂತೆ.

"ಆಕಿ ಏನ್ ಬರ್ಕೋತಾಳ? ಆಕಿಗೂ ಈಗ ಬೆನ್ನು ಬಂದೈತಿ," ಎಂದಳು ಅವ್ವ. ಅವರು ನಕ್ಕರು, ಮತ್ತೆ ನಡೆದರು.

ನಾನು ಅವ್ವನ ಪಕ್ಕ ನಡೆದೆ. ಕತ್ತಿನ ಹಿಂಬದಿ ತಣ್ಣಗಾಗಿತ್ತು, ಅಲ್ಲಿ ಯಾರೋ ಊದುತ್ತಿರುವ ಹಾಗೆ. ಸ್ವಲ್ಪ ದೂರ ಹೋದ ಮೇಲೆ ಕೇಳಿದೆ. "ಮತ್ತ ಕುಂಕುಮ ಯಾಕ ಹಚ್ಚಿದಿ? ನಿಂಬಿಹಣ್ಣು ಉರುಳಿ ಬಿದ್ದಿದ್ರ ಕಲ್ಲಿನ ಕಾಟಾನೇ ತಪ್ತಿತ್ತಲ್ಲ."

ಅವ್ವ ನನ್ನನ್ನು, ಇಷ್ಟು ಓದಿದವಳನ್ನು, ಮರುಕದಿಂದ ನೋಡಿದಳು.

"ಕಲ್ಲು ಅಲ್ಲಿ ಇರೂತನ ಇವರ ಕಣ್ಣು ಅಲ್ಲಿ ಇರ್ತಾವ. ಕಲ್ಲು ಹೋತಂದ್ರ ಆ ಕಣ್ಣೆಲ್ಲಾ ಎಲ್ಲಿ ತಿರುಗ್ತಾವ? ನಮ್ಮ ಕಡೆ. ಯಾರ ಮನಿಗೆ ಹೋದಿ, ಯಾಕ ತಡಾ ಆತು, ಯಾರ ಕೂಡ ನಕ್ಕಿ. ನಿಮ್ಮಪ್ಪ ಇದ್ದಾಗ ನಾ ಈ ಓಣ್ಯಾಗ ನೆಟ್ಟಗ ನಡದಿದ್ದು ದೀಪದ ಹೊತ್ತಿನಾಗ ಅಷ್ಟ. ಆ ಹಲಗಿ ಇವತ್ತ ಯಾಕ ವಾಲ್ತೋ ಏನೋ, ನನ್ನ ಜೀವಾನ ಹೋಗಿತ್ತು."

ಯಾಕೆ ವಾಲಿತೆಂದು ಈ ಊರಿನಲ್ಲಿ ಬಲ್ಲವಳು ನಾನೊಬ್ಬಳೇ. ಮೂರು ದಿನ ಕೈಕಟ್ಟಿ ಕೂತು ಇವರೆಲ್ಲರಿಗಿದ್ದ ಒಂದೇ ದಾರಿಯನ್ನು ನಾನು ಮುಚ್ಚಲಿದ್ದೆ, ಅದೂ ಅವ್ವನ ಮೇಲಿನ ಪ್ರೀತಿಯಿಂದ. ಅವ್ವ ಮೆಟ್ಟಿಲು ಹತ್ತಿ, ಬಾಗಿಲಿನ ಚಿಲಕ ತೆಗೆದು ಒಳಗೆ ಹೋದಳು, ಮುಖ ಮೊದಲು. ಅವಳ ಹಿಂದೆ ಹೊಸ್ತಿಲು ದಾಟುವಾಗ, ಬೀದಿಗೆ ಬೆನ್ನು ಮಾಡಿಕೊಂಡೇ, ನಡೆದದ್ದನ್ನು ಯಾರಿಗೂ ಹೇಳಬಾರದೆಂದು ತೀರ್ಮಾನಿಸಿದೆ. ಸಮಿತಿಗೆ ಹೇಗೂ ಇಲ್ಲ, ಅವ್ವನಿಗಂತೂ ಎಂದಿಗೂ ಇಲ್ಲ.